ಕಂಪ್ಯೂಟರಿನ ಬದು ಕೆತ್ತಿದೆ

ತಪ್ಪು ನನ್ನದೇ, ಮೊದಲೇ ಒಪ್ಪಿಕೊಳ್ಳುತ್ತೇನೆ. ಕೊಳ್ಳೇಗಾಲದ ನಮ್ಮ ಡಿಟಿಪಿ ಅಂಗಡಿಯನ್ನು ಸೊಸೆ ರತ್ನಳಿಗೆ ಒಪ್ಪಿಸಿ ಎರಡು ವರ್ಷವಾದರೂ ನಾನು ಬೆಳಿಗ್ಗೆಯೇ ಅಲ್ಲಿ ಹಾಜರು. ಎಸ್ಸೆಸ್ಸೆಲ್ಸಿ ಜೊತೆಗೆ ಟೈಪಿಂಗ್ ಪಾಸು ಮಾಡಿದವನು ನಾನು. ಕಂಪ್ಯೂಟರ್ ಎಂದರೆ ಟಿವಿ ಜೋಡಿಸಿದ ಟೈಪ್‌ರೈಟರ್ ತಾನೇ!

ಮೊನ್ನೆ ಭಾನುವಾರ ರತ್ನ ಊಟಕ್ಕೆ ಹೋದಾಗ, ಡಿಸ್ಕ್ ತುಂಬಿದೆ ಎಂದು ಕಂಪ್ಯೂಟರ್ ದೂರು ಹೇಳಿತು. ಒಳಹೊಕ್ಕು ನೋಡಿದೆ. ಜಮೀನಿನ ನಕ್ಷೆಯಂತೆ ಡಿಸ್ಕನ್ನು ಭಾಗ ಮಾಡಿದ್ದರು. ಒಂದು ತುದಿಯಲ್ಲಿ ಬದುವಿನಷ್ಟೇ ಸಣ್ಣ ತುಂಡು. ಅದರಲ್ಲಿ ನಮ್ಮದೊಂದು ಫೋಟೊ ಇಲ್ಲ, ಮದುವೆ ಪತ್ರಿಕೆ ಇಲ್ಲ. ಲೊಕ್ಕನಹಳ್ಳಿಯಲ್ಲಿ ಉಳುತ್ತಿದ್ದಾಗ ವರ್ಷವರ್ಷವೂ ಬದು ಕೆತ್ತಿ ಹೊಲಕ್ಕೆ ಸೇರಿಸಿಕೊಂಡ ಕೈ ಇದು. ಸುಮ್ಮನಿರುತ್ತದೆಯೇ? ಪಾಸ್‌ವರ್ಡ್ ಕೇಳಿತು, ಮೊಮ್ಮಗಳ ಹೆಸರು ಹೊಡೆದೆ. ಅಳಿಸಲೇ ಎಂದು ಎರಡು ಸಲ ಕೇಳಿತು. ಎರಡು ಸಲವೂ ಹೂಂ ಎಂದೆ.

ಸಂಜೆವರೆಗೂ ಯಂತ್ರ ತಕರಾರಿಲ್ಲದೆ ಓಡಿತು. ನನಗೆ ಹೆಮ್ಮೆಯೋ ಹೆಮ್ಮೆ. ನಾನೇ ಆಫ್ ಮಾಡಿದೆ.

ಸೋಮವಾರ ಆನ್ ಮಾಡಿದರೆ ಕಪ್ಪು ಪರದೆ! ಶುರು ಮಾಡಲು ಏನೂ ಸಿಗುತ್ತಿಲ್ಲ ಎಂದು ಇಂಗ್ಲಿಷಿನಲ್ಲಿ ಒಂದೇ ಸಾಲು. ಬಂಡಳ್ಳಿಯ ರೈತರೊಬ್ಬರು ಮಗಳ ಮದುವೆ ಪತ್ರಿಕೆಗೆ ಆಗಲೇ ಬಂದು ಕುಳಿತಿದ್ದರು. ಮೊದಲ ಪತ್ರಿಕೆಯನ್ನು ಬೆಟ್ಟದಲ್ಲಿ ಮನೆದೇವರು ಮಾದಪ್ಪನ ಪಾದಕ್ಕಿಟ್ಟ ಮೇಲೇ ಊರಿಗೆ ಹಂಚುವುದು. ಹನ್ನೊಂದರ ಬಸ್ಸು ಹಿಡಿಯಬೇಕು. ಪತ್ರಿಕೆಯೋ, ಸತ್ತ ಪೆಟ್ಟಿಗೆಯೊಳಗೆ.

ರತ್ನ ನನ್ನ ಮುಖ ನೋಡಿದಳು. ವೋಲ್ಟೇಜಿನ ತೊಂದರೆ ಇರಬೇಕು ಎಂದೆ. ಅದು ನನ್ನ ಎರಡನೆಯ ಪಾಪ.

ಯಳಂದೂರಿನಿಂದ ರಿಪೇರಿಯ ನಾಗೇಂದ್ರ ಬೈಕಿನಲ್ಲಿ ಹಾರಿ ಬಂದ. ಪೆನ್‌ಡ್ರೈವ್ ಚುಚ್ಚಿ ನೋಡಿ ತಿರುಗಿದ.

"ಬೂಟ್ ಲೋಡರ್ ಇದ್ದ ಜಾಗವ್ನೇ ಅಳಿಸ್ಬುಟ್ಟವ್ರಲ್ಲ ಸಾ, ಯಾರು?"

ಬಂಡಳ್ಳಿಯವರ ಎದುರೇ ಒಪ್ಪಿಕೊಂಡೆ. ಒಪ್ಪಿಕೊಂಡು ಸುಮ್ಮನಿರಬೇಕಲ್ಲ? ಹಾಗಾದರೆ ನಿನ್ನೆ ಸಂಜೆವರೆಗೆ ಹೇಗೆ ನಡೆಯಿತು ಎಂದು ವಾದ ಹೂಡಿದೆ.

"ಸ್ವಿಚ್ ಒತ್ತಿದಾಗ ಪೆಟ್ಗೆಗೆ ಏನೂ ಗೊತ್ತಿರಕಿಲ್ಲ ಸಾ. ಈ ಬೂಟ್ ಲೋಡರ್ ಅನ್ನೋ ಸಣ್ಣೋನು ಮೊದ್ಲು ಎದ್ದು, ಎಲ್ಲಾ ಕೆಲ್ಸ ನಡೆಸೋ ಕರ್ನಲ್ ಅನ್ನೋ ಯಜಮಾನ್ನ ಡಿಸ್ಕಿಂದ ಎತ್ಕಂಡ್ ಬಂದು ಕೂರಿಸ್ತನೆ. ಇನ್ ನೀನೇ ನೋಡ್ಕೋ ಅಂತ ಎಲ್ಲಾನೂ ಅವ್ನ ಕೈಗೆ ಕೊಟ್ಬುಟ್ಟು ಒಂಟೋಯ್ತನೆ. ತಿರ್ಗಿ ನೋಡಕಿಲ್ಲ. ನಿನ್ನೆ ಅವ್ನ ಕೆಲ್ಸ ಬೆಳಿಗ್ಗೇನೇ ಮುಗ್ದಿತ್ತು, ಅದ್ಕೇ ನಡೀತು. ಇವತ್ತು ಯಜಮಾನ್ನ ಎಬ್ಬಿಸೋರೇ ಇಲ್ಲ."

ಸಣ್ಣವನನ್ನು ನಾಗೇಂದ್ರ ಮತ್ತೆ ಅಲ್ಲಿ ನೆಲೆಗೊಳಿಸಿದ. ಪರದೆ ಬೆಳಗಿತು. ಬಸ್ಸಿಗೆ ಇನ್ನು ಕಾಲು ಗಂಟೆ ಇದೆ ಎನ್ನುವಾಗ ಪತ್ರಿಕೆ ಬಿಸಿಬಿಸಿಯಾಗಿ ಹೊರಬಂತು. ಬಂಡಳ್ಳಿಯವರು ಅದನ್ನು ಕಣ್ಣಿಗೊತ್ತಿಕೊಂಡು ಎದ್ದರು.

"ಮದ್ವೆಗೆ ನೀವೂ ಬನ್ನಿ ಬುದ್ಧಿ. ಆದ್ರೆ ನಮ್ಮಟ್ಟೀಲಿ ಯಾವ ಸ್ವಿಚ್ಚೂ ಮುಟ್ಬೇಡಿ."

ರತ್ನ ಬೈಯಲಿಲ್ಲ. ಕೈ ಚಾಚಿದಳು.

"ಮಾವ, ಶಟರ್ ಬೀಗದ ಕೈ ಕೊಡಿ."

ಒಪ್ಪಿಸಿದೆ ಎಂದು ಊರೆಲ್ಲ ಹೇಳಿಕೊಂಡು ತಿರುಗಿದ ಅಂಗಡಿಯ ಬೀಗದ ಕೈ ಎರಡು ವರ್ಷದಿಂದ ನನ್ನ ಜೇಬಿನಲ್ಲೇ ಇತ್ತು! ತೆಗೆದು ಕೊಟ್ಟೆ.

ಕೊಟ್ಟ ಮೇಲೆ ಹೊರಡುವ ಬುದ್ಧಿ ಪೆಟ್ಟಿಗೆಯೊಳಗಿನ ಆ ಸಣ್ಣವನಿಗಿದೆ. ನಾನು ಅಲ್ಲೇ ನಿಂತಿದ್ದೆ. ಕೊನೆಗೆ ಬಾಗಿಲಲ್ಲಿದ್ದ ನನ್ನ ಚಪ್ಪಲಿಗಳನ್ನು ರತ್ನಳೇ ರಸ್ತೆಯ ಕಡೆ ಮುಖ ಮಾಡಿ ಇಟ್ಟಳು.