ಅಕ್ಕನ ಡೇಲಿಯಾ, ನನ್ನ ಸುರಗಿ, ನಡುವೆ ಒಂದು ಗೆರೆ

ಸ್ವಲ್ಪ ತಡೀರಿ, ಪುಟ ತಿರುಗಿಸಬೇಡಿ. ಸಾಗರ, ಹೊಸನಗರ, ತೀರ್ಥಹಳ್ಳಿ ಈ ಮೂರು ತಾಲ್ಲೂಕು ಜಾಲಾಡಿದರೂ ನನ್ನ ಅಕ್ಕನಂಥ ಕಳ್ಳಿ ಇನ್ನೊಬ್ಬಳು ಸಿಗುವುದಿಲ್ಲ ಅಂತ ಇವತ್ತು ಸಾಬೀತು ಮಾಡಿಯೇ ಏಳುವವಳು ನಾನು. ಪೊಲೀಸರಿಗೆ ಹೇಳುತ್ತೀರೋ? ಪ್ರಯೋಜನವಿಲ್ಲ. ಸಬ್ ಇನ್ಸ್‌ಪೆಕ್ಟರ ಮನೆಯ ಗುಲಾಬಿಯೂ ಈಗ ಹೊಸನಗರದಲ್ಲಿ ಅವಳ ಅಂಗಳದಲ್ಲೇ ಹೂ ಬಿಡುತ್ತಿದೆ.

ಅವಳು ಕದಿಯುವುದು ಹೂವಿನ ಗಿಡ ಮಾತ್ರ. ಕೇಳಿ ತಂದ ಗಿಡ ಬದುಕುವುದಿಲ್ಲ, ಹೇಳದೆ ತಂದದ್ದೇ ಬೇರು ಬಿಡುವುದು ಅಂತ ನಮ್ಮ ಕಡೆಯ ಹೆಂಗಸರೆಲ್ಲ ನಂಬುತ್ತಾರೆ. ಉಳಿದವರು ನಂಬಿ ಸುಮ್ಮನಿರುತ್ತಾರೆ. ಅಕ್ಕ ಅದನ್ನು ವ್ರತದ ಹಾಗೆ ನಡೆಸುತ್ತಾಳೆ. ಯಾರದೋ ಮನೆಯಲ್ಲಿ ಕಾಫಿ ಕುಡಿದು, "ಬರ್ತೀನಿ ಹಂಗಾರೆ" ಎಂದು ಅಂಗಳ ದಾಟುವಷ್ಟರಲ್ಲಿ ಒಂದು ಕಡ್ಡಿ ಮುರಿದು ತುರುಬಿನೊಳಗೆ ಸೇರಿಸಿರುತ್ತಾಳೆ. ಒಂದು ಮದುವೆ ಮನೆಯ ಪಂಕ್ತಿಯಲ್ಲಿ ಆ ತುರುಬಿನಿಂದ ಒಂದು ಎರೆಹುಳ ಇಳಿದು ಪಕ್ಕದವರ ಬಾಳೆ ಎಲೆಯ ಮೇಲೆ ಬಿತ್ತು. ಅಕ್ಕ ಅದನ್ನು ಮೆಲ್ಲಗೆ ಎತ್ತಿ ಸೆರಗಿನ ತುದಿಗೆ ಕಟ್ಟಿಕೊಂಡಳು.

"ಮಣ್ಣಿಗೆ ಒಳ್ಳೇದು," ಅಂದಳು. ಪಕ್ಕದವರು ಪಾಯಸದವರೆಗೂ ಕೂರಲಿಲ್ಲ.

ನನಗೂ ಹೂವಿನ ಹುಚ್ಚು. ನನ್ನದು ಮಾತ್ರ ಓದಿ ಕಲಿತ ಹುಚ್ಚು. ಯಾರೂ ಹೇಳಿಕೊಟ್ಟದ್ದಲ್ಲ. ಬೀಜದ ಪೊಟ್ಟಣದ ಹಿಂದಿನ ಬರಹ, ಹಳೇ ಕ್ಯಾಲೆಂಡರು, ಲೈಬ್ರರಿಯಲ್ಲಿ ಹಾಳೆ ಉದುರುವ ಒಂದು ತೋಟಗಾರಿಕೆ ಪುಸ್ತಕ, ಎಲ್ಲವನ್ನೂ ನೋಟ್‌ಬುಕ್ಕಿಗೆ ಇಳಿಸಿಕೊಂಡಿದ್ದೆ. ಗೇಣಿನ ಅಳತೆಯಲ್ಲಿ ಗುಂಡಿ, ಚಮಚದ ಅಳತೆಯಲ್ಲಿ ಗೊಬ್ಬರ. ಇಷ್ಟೆಲ್ಲ ಮಾಡಿದರೆ ನನ್ನ ಡೇರೆ ಗಿಡದಲ್ಲಿ ಅಂಗಿ ಗುಂಡಿಯಷ್ಟು ದೊಡ್ಡ ಹೂ. ಅಕ್ಕ ಗೆಡ್ಡೆಯನ್ನು ತಲೆಕೆಳಗಾಗಿ ಹೂತು, ಮೇಲೆ ಎರಡು ಸಲ ತುಳಿದು, "ಬಂದ್ರೆ ಬಾ, ಇಲ್ಲಾಂದ್ರೆ ಬಿಡು" ಎಂದು ಬೈದು ಹೋಗುತ್ತಾಳೆ. ಅವಳಿಗೆ ಊಟದ ತಟ್ಟೆಯಷ್ಟು ಹೂ. ಇದು ಯಾವ ನ್ಯಾಯ? ಮನೆಗೆ ಬಂದ ನೆಂಟರು ನನ್ನ ಗಿಡದ ಎದುರು ನಿಂತು, "ನಿನ್ನ ಅಕ್ಕನ ಹತ್ರ ಕೇಳ್ಬಾರ್ದಾ?" ಅನ್ನುತ್ತಾರೆ.

ಹೀಗಿರುವಾಗ ನಮ್ಮಣ್ಣನಿಗೆ ಹೆಣ್ಣು ಮಗುವಾಯಿತು. ಅಣ್ಣ ಅಕ್ಕನಿಗಿಂತ ಚಿಕ್ಕವನು, ನನಗಿಂತ ದೊಡ್ಡವನು. ಜೋಗದ ವಿದ್ಯುತ್ ಕೇಂದ್ರದಲ್ಲಿ ಕೆಲಸ. ಅತ್ತಿಗೆ ಹೆರಿಗೆಗೆ ತೀರ್ಥಹಳ್ಳಿ ತಾಲ್ಲೂಕಿನ ಅರಳಸುರಳಿಯ ತವರಿಗೆ ಹೋಗಿದ್ದಳು. ನಮ್ಮಲ್ಲಿ ಹನ್ನೆರಡನೇ ದಿನ ತೊಟ್ಟಿಲಿಗೆ ಹಾಕಿ, ಮಗುವಿನ ಕಿವಿಯಲ್ಲಿ ಹೆಸರು ಹೇಳುವ ಹಕ್ಕು ಸೋದರತ್ತೆಯದು. ಸೋದರತ್ತೆಯರು ಇಬ್ಬರು: ಅಕ್ಕ ಮತ್ತು ನಾನು. ಇಬ್ಬರಿದ್ದರೆ ಹಿರಿಯಳದೇ ಹಕ್ಕು. ಹೊಸ ಲಂಗ ಅವಳಿಗೆ, ಅದು ಹಳತಾದ ಮೇಲೆ ನನಗೆ. ಹುಟ್ಟಿದಾಗಿನಿಂದ ನಾನು ಎರಡನೇ ಕೈ. ಈ ಒಂದು ಸಲವಾದರೂ ಹೆಸರು ನನ್ನದಾಗಲಿ ಎಂದು ಹಟ ಹಿಡಿದೆ.

ನನ್ನ ಆಯ್ಕೆ ಸುರಗಿ. ಎಂಥ ಹೆಸರು ನೋಡಿ. ಒಣಗಿ ವರ್ಷವಾದರೂ ಘಮ ಬಿಡದ ಹೂ. ಜೋಗಕ್ಕೆ ಕಾರ್ಡು ಬರೆದೆ. ಅಕ್ಕ ಹೊಸನಗರದಿಂದ ಅದೇ ದಿನ ಬರೆದಿದ್ದಳು. ಅವಳ ಆಯ್ಕೆ ಡೇಲಿಯಾ. ನಾವೆಲ್ಲ ಡೇರೆ ಅನ್ನುವ ಹೂವಿಗೆ ಪುಸ್ತಕದಲ್ಲಿ ಡೇಲಿಯಾ ಎಂದಿದೆ ಅಂತ ಅವಳಿಗೆ ಹೇಳಿಕೊಟ್ಟವಳೇ ನಾನು. ನನ್ನ ನೋಟ್‌ಬುಕ್ಕಿನಿಂದಲೂ ಕಡ್ಡಿ ಮುರಿದಳಲ್ಲ!

ಅವಳು ಸಾಗರದ ನಮ್ಮ ಮನೆಗೆ ಬಂದಾಗ ಅಮ್ಮನ ಎದುರೇ ಪಂಚಾಯ್ತಿ ನಡೆಯಿತು.

"ಡೇಲಿಯಾಕ್ಕೆ ವಾಸನೆಯೇ ಇಲ್ಲ," ಅಂದೆ.

"ಕೂಸು ಎಂತಕ್ಕೆ ವಾಸನೆ ಬರ್ಬೇಕು? ಸ್ನಾನ ಮಾಡ್ಸಲ್ವಾ?" ಅಂದಳು ಅಕ್ಕ. "ನಿನ್ನ ಸುರಗಿ ಒಣಗಿದ್ಮೇಲೆ ಚೆಂದ ಅಂತೆ. ಹುಟ್ಟಿ ನಾಲ್ಕು ದಿನ ಆಗಿಲ್ಲ, ಈಗ್ಲೇ ಒಣಗ್ಸ್ತೀಯಾ?"

"ಇಬ್ರೂ ಸುಮ್ನಿರಿ," ಅಂದಳು ಅಮ್ಮ. "ಕೂಸಿಗೆ ಅಪ್ಪ ಅಮ್ಮ ಅಂತ ಇಬ್ರಿದಾರೆ, ನೆನಪಿರ್ಲಿ."

ಅಣ್ಣನ ಉತ್ತರ ಬಂತು. "ಇಬ್ಬರದೂ ಇರಲಿ, ನಡುವೆ ಒಂದು ಗೆರೆ ಎಳೆಯೋಣ. ಇಲ್ಲಿಯ ಹಳೇ ಫೈಲಿನಲ್ಲಿ ಒಬ್ಬ ಇಂಗ್ಲಿಷ್ ಎಂಜಿನಿಯರನ ಹೆಸರಿನ ನಡುವೆಯೂ ಅಂಥ ಗೆರೆ ಇದೆ. ಅದರಿಂದ ಅವನಿಗೇನೂ ತೊಂದರೆ ಆದಂತೆ ಕಾಣುವುದಿಲ್ಲ. ಅಕ್ಷರಮಾಲೆಯ ಪ್ರಕಾರ ಡ ಮೊದಲು, ಸ ಆಮೇಲೆ. ಜಗಳ ಬೇಡ."

ಡೇಲಿಯಾ-ಸುರಗಿ. ಅಕ್ಷರಮಾಲೆಯೂ ಅಕ್ಕನ ಕಡೆಯೇ ಸೇರಿಕೊಂಡಿತ್ತು.

ಹನ್ನೆರಡನೇ ದಿನ ಬೆಳಿಗ್ಗೆ ಅಮ್ಮ, ನಾನು ಸಾಗರದಲ್ಲಿ ಬಸ್ಸು ಹತ್ತಿದೆವು. ಹೊಸನಗರದಲ್ಲಿ ಅಕ್ಕ ಹತ್ತಿದಳು. ಕೈಯಲ್ಲಿ ತಟ್ಟೆಯಗಲದ ಕೆಂಪು ಡೇರೆ, ತೊಟ್ಟಿಲಿಗೆ ಕಟ್ಟಲು. ನಲುಗಬಾರದು ಎಂದು ನನ್ನನ್ನು ಏಳಿಸಿ ಅದನ್ನು ಕಿಟಕಿ ಪಕ್ಕ ಕೂರಿಸಿದಳು.

"ಇದಕ್ಕೂ ಟಿಕೆಟ್ ತಗಂತೀರಾ ಅಮ್ಮ?" ಕಂಡಕ್ಟರ್ ಕೇಳಿದ.

"ಬರೆಯಪ್ಪ, ಮಕ್ಕಳ ಟಿಕೆಟ್. ಮೊನ್ನೆ ಅರಳಿದ್ದು."

ಅವಳು ಕದ್ದ ಗಿಡಗಳನ್ನು ಅವುಗಳ ಒಡತಿಯರ ಹೆಸರಿನಿಂದಲೇ ಕರೆಯುತ್ತಾಳೆ. ನಾನು ನಿಂತುಕೊಂಡೇ, "ಪೋಸ್ಟ್ ಮಾಸ್ತರ ಹೆಂಡ್ತಿ ಹೆಂಗಿದಾಳೆ?" ಅಂದೆ.

"ಕೊಳೆತು ಹೋದ್ಲು ಕಣೇ. ಬುಡದಲ್ಲಿ ನೀರು ನಿಂತಿತ್ತು. ಕಿತ್ತು ಬೇಲಿ ಆಚೆ ಎಸೆದೆ. ಡಾಕ್ಟ್ರಮ್ಮನ ತಲೆ ಕತ್ತರಿಸಿ ಇಟ್ಟಿದೀನಿ, ಈ ವಾರ ಚಿಗುರ್ತಾಳೆ."

ಮುಂದಿನ ಸೀಟಿನ ಯಜಮಾನರೊಬ್ಬರು ಒಮ್ಮೆ ತಿರುಗಿ ನೋಡಿ, ಮುಂದಿನ ನಿಲ್ದಾಣದಲ್ಲಿ ಇಳಿದೇಬಿಟ್ಟರು. ಅಕ್ಕ ಆ ಸೀಟು ತೋರಿಸಿ, "ಕೂತ್ಕೋ, ನಿಂಗೂ ಸಿಕ್ತಲ್ಲ," ಅಂದಳು.

ಅರಳಸುರಳಿಯ ಮನೆ ತುಂಬ ಜನ. ತಟ್ಟೆಯಲ್ಲಿ ಅಕ್ಕಿ ಹರಡಿ, ಚಿನ್ನದ ಉಂಗುರದಿಂದ ಅಣ್ಣ ಹೆಸರು ಬರೆದ. ಭಟ್ಟರು ಬಗ್ಗಿ ನೋಡಿದರು.

"ಇದೆಂತ, ನಡುವೆ ಕೈ ಜಾರಿತಾ?" ಎಂದು ಗೆರೆಯ ಮೇಲೆ ಬೆರಳಾಡಿಸಿ ಅಕ್ಕಿ ಸಮ ಮಾಡಿದರು.

"ಅಳಿಸ್ಬೇಡಿ ಭಟ್ರೇ," ಅಕ್ಕ ಧಾವಿಸಿ ಬಂದಳು. "ಅದು ಕಸಿ ಕಟ್ಟಿದ ಜಾಗ. ಅಲ್ಲಿ ಬಿಟ್ಕಂಡ್ರೆ ಎರಡೂ ಒಣಗ್ತವೆ."

ಅಣ್ಣ ಮತ್ತೆ ಗೆರೆ ಎಳೆದ. ಜನ ನಕ್ಕರು. ಈ ಮಾತು ನನಗೇಕೆ ಮೊದಲು ಹೊಳೆಯಲಿಲ್ಲ ಎಂದು ನಾನು ಒಳಗೊಳಗೇ ಬೆಂದೆ.

"ಸೋದರತ್ತೆ ಬರ್ಲಿ," ಭಟ್ಟರು ಕರೆದರು.

ಅಕ್ಕ ಕೈಯನ್ನು ಸೆರಗಿಗೆ ಒರೆಸಿಕೊಂಡು ಎದ್ದಳು. ಆಗ ಅತ್ತಿಗೆಯ ಅಜ್ಜಿ ಗೋಡೆಗೆ ಒರಗಿದ್ದಲ್ಲಿಂದಲೇ ಅಂದರು:

"ದೊಡ್ಡೋಳು ಬ್ಯಾಡ ಮಾರಾಯ್ರೆ. ಮದ್ವೆಯಾಗಿ ಎಂಟು ವರ್ಷ ಆಯ್ತು, ಮಡಿಲು ತುಂಬಿಲ್ಲ. ಎಳೇ ಕೂಸಿನ ಕಿವಿ. ಚಿಕ್ಕೋಳನ್ನೇ ಕರೀರಿ."

ಅಮ್ಮ ನೆಲ ನೋಡಿದಳು.

ಸುಳ್ಳು ಹೇಳುವುದಿಲ್ಲ, ಮೊದಲು ನನಗೆ ಖುಷಿಯೇ ಆಯಿತು. ಕೊನೆಗೂ ನಾನು. ಅಕ್ಕನನ್ನು ದಾಟಿ ತೊಟ್ಟಿಲ ಹತ್ತಿರ ಹೋದೆ. ಅವಳು ನನಗೆ ದಾರಿ ಬಿಟ್ಟು, "ಹೌದೌದು, ನೀನೇ ಹೇಳೇ," ಅಂದಳು. ಆಮೇಲೆ ತನಗೆ ಬೇರೆಯೇ ಕೆಲಸವಿದ್ದವಳಂತೆ ತೊಟ್ಟಿಲ ಹಗ್ಗಕ್ಕೆ ತನ್ನ ಹೂ ಕಟ್ಟಲು ನಿಂತಳು. ಗಂಟು ಬೀಳಲಿಲ್ಲ. ಬಿಚ್ಚಿದಳು, ಮತ್ತೆ ಹಾಕಿದಳು, ಮತ್ತೆ ಜಾರಿತು. ಅಜ್ಜಿ ಆಡಿದಂಥ ಮಾತನ್ನು ಅವಳು ಹಿಂದೆಯೂ ಎಷ್ಟೋ ತೊಟ್ಟಿಲುಗಳ ಹತ್ತಿರ ಕೇಳಿದ್ದಾಳೆ ಅನ್ನುವುದು ಆ ಗಂಟು ನೋಡುತ್ತಾ ನನಗೆ ಹೊಳೆಯಿತು.

ನಾನು ಬಗ್ಗಿದೆ. ಮಗು ಎಣ್ಣೆ, ಲೋಬಾನದ ವಾಸನೆಯಲ್ಲಿ ನಿದ್ದೆ ಮಾಡುತ್ತಿತ್ತು. ಬಾಯಿ ಕಿವಿಯ ಹತ್ತಿರ ಹೋಯಿತು. ಹೆಸರು ಬರಲಿಲ್ಲ. ನೆಟ್ಟಗೆ ನಿಂತೆ.

"ಅಜ್ಜಿ, ಇದು ಗೆರೆ ಇರೋ ಹೆಸ್ರು. ಒಬ್ಬಳೇ ಹೇಳಕ್ಕಾಗಲ್ಲ. ಗೆರೆಯಿಂದ ಆಚೆಗೊಬ್ಬಳು, ಈಚೆಗೊಬ್ಬಳು ಬೇಕು."

"ಯಾವ ಶಾಸ್ತ್ರದಲ್ಲಿದೆ ಅದು?"

ನನಗೆಲ್ಲಿ ಗೊತ್ತು? ಆ ಕ್ಷಣದಲ್ಲಿ ಹುಟ್ಟಿದ ಶಾಸ್ತ್ರ. ಅಣ್ಣ ಗಂಟಲು ಸರಿಮಾಡಿಕೊಂಡು, "ಹಂಗೇ ಇರೋದು ಅಜ್ಜಿ. ಜೋಗದಲ್ಲೂ ಹಂಗೇ," ಅಂದ. ಏನು ಹಾಗೆ, ಯಾಕೆ ಹಾಗೆ, ಯಾರೂ ಕೇಳಲಿಲ್ಲ. ಜೋಗ ಅಂದರೆ ಅಷ್ಟು ಮರ್ಯಾದೆ.

ಭಟ್ಟರು ಅಕ್ಕಿ ತಟ್ಟೆಯನ್ನೊಮ್ಮೆ, ಅಕ್ಕನನ್ನೊಮ್ಮೆ ನೋಡಿದರು. "ಗೆರೆ ಇದೆ ಹೌದು. ಇಬ್ರೂ ಬನ್ನಿ, ಹೊತ್ತು ಮೀರ್ತದೆ."

"ಬಾರೇ ಅಕ್ಕ," ಅಂದೆ. "ಮೊದಲನೇದು ನಿಂದು."

ಅಕ್ಕ ಬಗ್ಗಿದಳು. ಡೇಲಿಯಾ ಅನ್ನಲು ಎಷ್ಟು ಹೊತ್ತು ಬೇಕು? ಅವಳು ಎಷ್ಟೋ ಹೊತ್ತು ಬಗ್ಗಿಯೇ ಇದ್ದಳು. ಏನೇನೋ ಹೇಳುತ್ತಿದ್ದಳು. ಗೇಣು ದೂರದಲ್ಲಿದ್ದ ನನಗೇ ಒಂದಕ್ಷರ ಕೇಳಿಸಲಿಲ್ಲ. ಅಜ್ಜಿ ಕೆಮ್ಮಿದರು. ಅಕ್ಕ ಏಳಲಿಲ್ಲ. ಮಗು ಕಣ್ಣು ಬಿಟ್ಟು ಅವಳನ್ನೇ ನೋಡಿತು.

ಆಮೇಲೆ ನನ್ನ ಸರದಿ. "ಸುರಗಿ," ಅಂದೆ. ಮಗು ಆಕಳಿಸಿ ನಿದ್ದೆ ಹೋಯಿತು.

ಈಗ ಆ ಮಗುವಿಗೆ ನಾಲ್ಕು ವರ್ಷ. ಹೊಸನಗರಕ್ಕೆ ಹೊರಟರೆ ಹಿಂದಿರುಗಿ ನೋಡುವುದಿಲ್ಲ, ಸಾಗರಕ್ಕೆ ಕರೆದರೆ ಅಳುತ್ತಾಳೆ. ನನ್ನ ಹೊಟ್ಟೆ ಇವತ್ತಿಗೂ ಉರಿಯುತ್ತದೆ. ಉರಿಯಲಿ, ಪರವಾಗಿಲ್ಲ. ನಿಮ್ಮ ಮನೆಯ ತೊಟ್ಟಿಲ ಹತ್ತಿರ ಯಾರನ್ನು ಕರೆದರು, ಯಾರನ್ನು ದೂರ ನಿಲ್ಲಿಸಿದರು? ಒಂದು ಕಾರ್ಡಿನಲ್ಲಿ ಬರೆದು ತಿಳಿಸಿ. ದೂರ ನಿಂತವರು ನೀವೇ ಆಗಿದ್ದರೆ ಎರಡು ಕಾರ್ಡು ಬರೆಯಿರಿ.