ಅರ್ಧ ವೇಗದ ಭಾವಮೈದ

೧. ತೂಬು ಎತ್ತಿದ ಕಾಲುವೆ

ಪರದೆಯ ಮೇಲೆ ಹೆಂಡತಿಯ ತಮ್ಮ ಬಾಯಿ ತೆರೆದ. ನಾನು ಮೊದಲ ಪದ ಟೈಪ್ ಮಾಡುವಷ್ಟರಲ್ಲಿ ಅವನು ಬೇರೆ ವಿಷಯಕ್ಕೆ ಹೋಗಿದ್ದ. ಹಿಂದಕ್ಕೆ ಓಡಿಸಿದೆ. ಮತ್ತೆ ಅದೇ. ಮಾತಲ್ಲ ಅದು, ತೂಬು ಎತ್ತಿದ ಕಾಲುವೆ.

ಅವನಿರುವುದು ಕುಷ್ಟಗಿಯಲ್ಲಿ. ಗಂಗಾವತಿಯಲ್ಲಿ ನಮ್ಮ ಓಣಿಯ ಸ್ಟುಡಿಯೋಕ್ಕೆ ಬಂದು ಸಂಸಾರ ಮಾಡುವುದು ಹೇಗೆಂದು ಯೂಟ್ಯೂಬಿಗೆ ಮಾತಾಡುತ್ತಾನೆ. ನಮ್ಮ ಮನೆಗೆ ಬರುವುದಿಲ್ಲ.

ಹೆಂಡತಿಯ ಕಿವಿ ಪೂರ್ತಿ ಹೋಗಿವೆ. ಟೀವಿಯಲ್ಲಿ ತಮ್ಮನ ತುಟಿ ನೋಡುತ್ತ ಕೂರುತ್ತಾಳೆ.

'ನಮ್ಮ ತಮ್ಮ ಏನಂತಾನಂತ ಒಮ್ಮೆರ ತಿಳೀಲಿ ನನಗ,' ಎಂದಳು.

ಅದಕ್ಕೇ ಆ ಸ್ಟುಡಿಯೋದಲ್ಲಿ ಈ ಕೆಲಸ ಹಿಡಿದೆ. ಅವನ ಮಾತನ್ನು ಚಿತ್ರದ ಕೆಳಗೆ ಅಕ್ಷರದಲ್ಲಿ ಕೂರಿಸುವುದು. ಕೊಪ್ಪಳದ ಕೋರ್ಟಿನಲ್ಲಿ ಟೈಪಿಸ್ಟನಾಗಿದ್ದವನು ನಾನು. ವಕೀಲರಾದರೂ ಉಸಿರು ತೆಗೆದುಕೊಳ್ಳುತ್ತಿದ್ದರು.

ಸ್ಟುಡಿಯೋದವನನ್ನು ಕೇಳಿದೆ, 'ಇವನನ್ನ ನಿಧಾನ ಓಡಿಸಾಕ ಬರಂಗಿಲ್ಲೇನು?'

'ಈ ಸಾಫ್ಟ್‌ವೇರಿನ್ಯಾಗ ಅದಿಲ್ಲ ಸರ್. ಮಾಡಿದವರಿಗೆ ಬರದು ಕೇಳೀನಿ. ಹಾಕ್ತೀವಿ ಅಂದಾರ.'

'ಅಲ್ಲಿತನ?'

'ಅಲ್ಲಿತನ ನೀವ ಒಂಚೂರು ಲಗೂ ಲಗೂ ಬಡೀರಿ.'

೨. ಅಮಲು

ಮಾಡಿದವರು ಮಾತು ಉಳಿಸಿಕೊಂಡರು. ಹೊಸ ಸಾಫ್ಟ್‌ವೇರಿನಲ್ಲಿ ವಿಡಿಯೋದ ಕೆಳಗೆ ವೇಗದ ಗುಂಡಿ ಬಂತು. ಅರ್ಧಕ್ಕೆ ಇಟ್ಟೆ. ಭಾವಮೈದ ಮೊದಲ ಸಲ ಕೈಗೆ ಸಿಕ್ಕ.

ಅಷ್ಟರಲ್ಲಿ ಹೊಸ ಶೂಟಿಂಗಿಗೆಂದು ಅವನೇ ಬಂದ. ಬಾಗಿಲಲ್ಲೇ ನಿಂತುಬಿಟ್ಟ. ಪರದೆಯಲ್ಲಿ ಅವನು ಕಣ್ಣು ಅರ್ಧ ಮುಚ್ಚಿ 'ಸಂ... ಸಾ... ರ... ಅಂ... ದ್ರ...' ಎಂದು ನಾಲಗೆ ಎಳೆಯುತ್ತಿದ್ದ.

'ಮಾಮಾರ, ದೇವರಾಣಿ, ಅವತ್ತು ನಾ ಕುಡಿದಿರಲಿಲ್ಲ!'

ಯಾರೂ ಕೇಳಿರಲಿಲ್ಲ.

ಸ್ಟುಡಿಯೋದವನು ಗುಂಡಿ ತೋರಿಸಿದ. ಭಾವಮೈದ ಬೆವರು ಒರೆಸಿಕೊಂಡು, 'ಅಕ್ಕ ಆರಾಮ ಅದಾಳ?' ಎಂದ.

'ಮನಿ ಇಲ್ಲಿಂದ ಕಾಣ್ತೈತಿ. ಹೋಗಿ ನೋಡು.'

'ಮುಂದಿನ ಸಲ ಮಾಮಾರ. ಶೂಟಿಂಗಿಗೆ ಹೊತ್ತಾತು.'

ಅವತ್ತಿನ ವಿಷಯ: ರಕ್ತಸಂಬಂಧ ಉಳಿಸಿಕೊಳ್ಳುವುದು ಹೇಗೆ.

೩. ನಿಲ್ಲದ ಸಾಲು

ಹಳೆಯ ವಿಡಿಯೋ ಮುಗಿಸಿ ಹೆಂಡತಿಗೆ ತೋರಿಸಿದೆ. ಒಂದು ಸಾಲೂ ಓದಲಾಗಲಿಲ್ಲ. ತಪ್ಪು ನನ್ನದೇ. ಸಾಲು ಕೂರಿಸಿದ್ದೂ ಅರ್ಧ ವೇಗದಲ್ಲಿ, ಪರೀಕ್ಷಿಸಿದ್ದೂ ಅರ್ಧ ವೇಗದಲ್ಲಿ. ಅಲ್ಲಿ ಸಾಲುಗಳು ನಿಧಾನ ಓದುವಷ್ಟು ಹೊತ್ತು ನಿಂತಿದ್ದವು. ಮನೆಯ ಟೀವಿಯಲ್ಲಿ ಪೂರ್ತಿ ವೇಗ.

ಹೆಂಡತಿ ಕನ್ನಡಕ ತೆಗೆದಿಟ್ಟಳು.

'ಅಕ್ಷರನೂ ನನ್ನ ತಮ್ಮನಂಗ ಅದಾವ. ಬಂದ್ರೂ ನಿಂದರಂಗಿಲ್ಲ.'

೪. ಅಕ್ಕ

ರಕ್ತಸಂಬಂಧದ ವಿಡಿಯೋಕ್ಕೆ ಎಚ್ಚರ ವಹಿಸಿದೆ. ಅರ್ಧ ವೇಗದಲ್ಲಿ ಕೇಳುವುದು, ಪೂರ್ತಿ ವೇಗದಲ್ಲಿ ಓದಿ ನೋಡುವುದು. ನಡುವೆ ಒಂದು ಮಾತು ಬಂತು. ಕೈ ನಿಂತಿತು.

ಸ್ಟುಡಿಯೋದವನೂ ಕೇಳಿಸಿಕೊಂಡ. 'ಇದನ್ನ ಬಿಟ್ಟುಬಿಡೂಣೇನ್ರಿ ಸರ್? ಅಮ್ಮಾರು ಓದ್ತಾರ.'

'ಅವ ಏನಂದಾನ, ಅದ ಇರಲಿ. ಕೋರ್ಟಿನ್ಯಾಗೂ ಹಂಗ ಮಾಡೀನಿ.'

ಸಂಜೆ ಹೆಂಡತಿ ಟೀವಿಯ ಮುಂದೆ ಕೂತಳು. ಈ ಸಲ ಸಾಲುಗಳು ನಿಂತವು. ಶಾಲೆ ಹುಡುಗಿಯ ಹಾಗೆ ಗಟ್ಟಿಯಾಗಿ ಓದಿದಳು. 'ಛಲೋ ಮಾತಾಡ್ತಾನ್ರಿ,' ಎಂದು ನಕ್ಕಳು.

ಆಮೇಲೆ ಆ ಸಾಲು ಬಂತು. ಅದನ್ನೂ ಓದಿದಳು.

'ಎಷ್ಟ ಗಡಿಬಿಡಿ ಇದ್ರೂ... ವಾರಕ್ಕೊಮ್ಮೆ ಅಕ್ಕನ ಮನಿಗೆ ಹೋಗಿ... ಆಕಿ ಕೈಯಾಗಿನ ರೊಟ್ಟಿ ತಿಂದು ಬರ್ತೀನಿ.'

ನನ್ನ ಕಡೆ ತಿರುಗಿದಳು.

'ಇವಗ ಇನ್ನೊಬ್ಬಾಕಿ ಅಕ್ಕ ಎಲ್ಲಿ ಅದಾಳ್ರಿ?'



ಟೀವಿ ಬಂದ್ ಮಾಡಿದಳು.