ಬೆಟ್ಟದ ಮೇಲೆ ಇಬ್ಬರೇ

ಸಗಿನ್ ಮಾಡಿದ ತಪ್ಪು ಇಷ್ಟೇ. ಶುಕ್ರವಾರ ಬೆಳಿಗ್ಗೆ ಕಚೇರಿಗೆ ಬಂದವನು ರಾಕಿಯಾಳನ್ನು ಪಕ್ಕಕ್ಕೆ ಕರೆದು, ತನ್ನ ಹೆಂಡತಿಯ ಕಾಲಿಗೆ ಆಗುವಂಥ ಸ್ಕೀ ಬೂಟು ಇದೆಯೇ ಎಂದು ಪಿಸುಗುಟ್ಟಿದ. ಉಣ್ಣೆ ಗೋದಾಮಿನ ಲೆಕ್ಕ ಬರೆಯುವ ರಾಕಿಯಾಳ ಕಿವಿಗೆ ಮಾತು ಹಾಕುವುದೂ ಕರಕೋಲ್ ಪೇಟೆಯಲ್ಲಿ ಡಂಗುರ ಹೊಡೆಸುವುದೂ ಒಂದೇ. ಅದು ಗೊತ್ತಿದ್ದೂ ಕೇಳಿದನೆಂದರೆ ಅವನಿಗೆ ಏನು ಹೇಳೋಣ?

ಅವನ ಹೆಂಡತಿ ಬುರುಲ್ ಶಿಶುವಿಹಾರದಲ್ಲಿ ಟೀಚರು. ಹಗಲೆಲ್ಲ ಮಕ್ಕಳ ಗಲಾಟೆ, ಸಂಜೆಯಾದರೆ ಮನೆ ತುಂಬ ನೆಂಟರು. ಯಾರು ಬಾಗಿಲು ತಟ್ಟಿದರೂ ಸಗಿನ್ ಹಲ್ಲುಕಿರಿದು ಒಳಗೆ ಕರೆಯುತ್ತಿದ್ದ. ಮದುವೆಯಾದಾಗಿನಿಂದ ಗಂಡ ಹೆಂಡತಿ ಇಬ್ಬರೇ ಕೂತು ಒಂದು ಬಟ್ಟಲು ಚಹಾ ಕುಡಿದದ್ದಿಲ್ಲ. ಕೊನೆಗೆ ಅವಳು ಹೇಳಿಬಿಟ್ಟಿದ್ದಳು: "ಕಣಿವೆ ತುದೀಲಿರೋ ಆ ಸಣ್ಣ ಸ್ಕೀ ರೆಸಾರ್ಟಿಗೆ ಹೋಗೋಣ. ಎರಡೇ ದಿನ, ನಾವಿಬ್ಬರೇ. ಒಂದು ನರಪಿಳ್ಳೆ ಅಂಟಿಕೊಂಡು ಬಂದ್ರೂ ನಾನು ತವರಿಗೆ ಹೋಗ್ತೀನಿ. ಮತ್ತೆ ಕರೆಯೋಕೆ ಬರಬೇಡ."

ಅವಳು ಬರೀ ಬಾಯಿಮಾತಿಗೆ ಹೇಳುವವಳಲ್ಲ. ಅದಕ್ಕೇ ಸಗಿನ್ ಗುಟ್ಟಾಗಿ ರೂಮು ಹಿಡಿದಿದ್ದ.

ಚಹಾದ ಹೊತ್ತಿಗೆ ಗೋದಾಮಿನ ಮುಖ್ಯಸ್ಥ ಒಸ್ಮೋನ್ ಕರೆಸಿದ. "ಏನಯ್ಯಾ, ಕಳ್ಳನ ಹಾಗೆ ಒಬ್ಬನೇ ಬೆಟ್ಟಕ್ಕೆ ಹೊರಟಿದ್ದೀಯಂತೆ?"

"ಹೆಂಡ್ತಿ ಜೊತೆ, ಒಸ್ಮೋನಣ್ಣ."

"ಅದೇ, ಒಬ್ಬನೇ ಅಂದ್ರೆ. ಅಲ್ಲಿ ಬೇಜಾರಲ್ಲೇ ಸತ್ತುಹೋಗ್ತೀರ ಕಣಯ್ಯಾ. ನಾವೆಲ್ಲ ಬರ್ತೀವಿ."

ಮಧ್ಯಾಹ್ನದೊಳಗೆ ಮಿನಿಬಸ್ಸು ಗೊತ್ತಾಯಿತು, ಕಡಾಯಿ ಬಂತು, ಹಿತ್ತಲಲ್ಲಿ ಒಂದು ಕುರಿ ಬ್ಯಾ ಎನ್ನತೊಡಗಿತು. 'ಬೇಡ' ಎಂಬ ಒಂದು ಮಾತು ಹೇಳಿದ್ದರೆ ಎಲ್ಲವೂ ಮುಗಿಯುತ್ತಿತ್ತು. ಆದರೆ ಅಷ್ಟು ಬೆನ್ನುಮೂಳೆ ಇದ್ದಿದ್ದರೆ ಅವನು ಸಗಿನ್ ಯಾಕಾಗುತ್ತಿದ್ದ? ಅವನು ಫೋನನ್ನು ಕಿವಿಗೆ ಒತ್ತಿಕೊಂಡು ಕಾರಿಡಾರಿಗೆ ಹೋದ, ಜೋಲು ಮುಖ ಹಾಕಿಕೊಂಡು ವಾಪಸು ಬಂದ.

"ಬೆಟ್ಟ ಎಲ್ಲ ರದ್ದು. ಬುರುಲ್‌ಳ ಸೋದರಮಾವ ಕಾಸಿಮ್ ತೀರಿಕೊಂಡ್ರಂತೆ. ನರೀನ್ ಕಡೆ, ಘಟ್ಟದ ಆಚೆ ಹಳ್ಳಿ. ನಾವು ಅಲ್ಲಿಗೆ ಹೊರಡ್ಬೇಕು."

ಕಾಸಿಮ್ ಮಾವ ಆ ಹೊತ್ತಿಗೆ ಗಟ್ಟಿಮುಟ್ಟಾಗಿ ಕುದುರೆಗೆ ಹುಲ್ಲು ಹಾಕುತ್ತಿದ್ದನೋ ಏನೋ. ನಮ್ಮಲ್ಲಿ ಒಬ್ಬರ ಮನೆಯಲ್ಲಿ ಸಾವಾದರೆ ಇಡೀ ಕಚೇರಿ ಹೋಗುತ್ತದೆ. ಹೋಗದವನನ್ನು ಯಾರೂ ಮನುಷ್ಯನೆಂದು ಎಣಿಸುವುದಿಲ್ಲ. ಇದು ಹಾಲು ಕುಡಿಯುವ ಮಗುವಿಗೂ ಗೊತ್ತು. ಸಗಿನ್ ಮಾತ್ರ, ಆ ದಾರಿಗೆ ಯಾರೂ ಹೊರಡಲಾರರೆಂದು ಘಟ್ಟದ ಹಿಮವನ್ನು ನಂಬಿಕೊಂಡಿದ್ದ.

"ನಿನ್ನನ್ನ ಒಬ್ಬನೇ ಕಳಿಸ್ತೀವಾ?" ಒಸ್ಮೋನ್ ಎದೆ ತಟ್ಟಿಕೊಂಡ. "ಬಸ್ಸು ಇದೆ, ಕುರಿ ಇದೆ. ನಡಿ, ಎಲ್ರೂ ಸಾವಿಗೇ ಬರ್ತೀವಿ."

ಆದರೆ ಸಾವಿನ ಮನೆಯಲ್ಲಿ ಕುಣಿತ ಇರುವುದಿಲ್ಲ, ದಾರಿಯಲ್ಲೋ ಮೊಣಕಾಲುದ್ದ ಹಿಮ. ಸಂಜೆಯಾಗುತ್ತಿದ್ದ ಹಾಗೆ ಫೋನುಗಳು ಬರತೊಡಗಿದವು. ಒಸ್ಮೋನ್‌ಗೆ ಸೊಂಟ ಹಿಡಿದುಕೊಂಡಿತ್ತು. ರಾಕಿಯಾಳ ಸೊಸೆಗೆ ಜ್ವರ ಬಂದಿತ್ತು. ಉಳಿದವರಿಗೂ ಏನೇನೋ ಆಗಿತ್ತು. "ಪರವಾಗಿಲ್ಲ ಬಿಡಿ, ನಿಮ್ಮ ಮನಸ್ಸು ನನಗೆ ಗೊತ್ತಿಲ್ವಾ?" ಎಂದು ಎಲ್ಲರನ್ನೂ ಸಮಾಧಾನ ಮಾಡಿ ಅವನು ಟ್ಯಾಕ್ಸಿ ಕರೆದ.

ದಾರಿಯುದ್ದಕ್ಕೂ ಬುರುಲ್ ಹಿಮ ಹೊತ್ತ ಮರಗಳನ್ನು ನೋಡುತ್ತ ನಗುತ್ತಿದ್ದಳು. ಹಾಗೆ ಅವಳು ನಕ್ಕು ಎಷ್ಟು ಕಾಲವಾಗಿತ್ತೋ.

ರೆಸಾರ್ಟಿನ ಬಾಗಿಲು ತೆರೆದರೆ ಬೇಯುತ್ತಿದ್ದ ಕುರಿಮಾಂಸದ ವಾಸನೆ ಮೂಗಿಗೆ ಬಡಿಯಿತು. ಹಜಾರದ ನಡುವೆ ಒಸ್ಮೋನ್ ಆ ಹಿಡಿದುಕೊಂಡ ಸೊಂಟವನ್ನೇ ಬಳುಕಿಸಿ ಕುಣಿಯುತ್ತಿದ್ದ. ರಾಕಿಯಾ ಚಪ್ಪಾಳೆ ತಟ್ಟುತ್ತಿದ್ದಳು. ಇಡೀ ಕಚೇರಿಯೇ ಅಲ್ಲಿತ್ತು.

ಕುಣಿತ ನಿಂತಿತು. "ಅದು... ನಿನ್ನ ರೂಮು ಸುಮ್ಮನೆ ಖಾಲಿ ಬಿದ್ದಿರುತ್ತಲ್ಲಾ ಅಂತ..." ಒಸ್ಮೋನ್ ತೊದಲಿದ. ಸಾವಿಗೆ ಬಾರದವರ ಮಾನ ಕಳೆಯಲೆಂದೇ ಸಗಿನ್ ಹುಡುಕಿಕೊಂಡು ಬಂದಿದ್ದಾನೆಂದು ಅವನ ಎಣಿಕೆ. ಮುಖ ಉಳಿಸಿಕೊಳ್ಳಲು ಅವನಿಗೆ ಹೊಳೆದದ್ದು ಒಂದೇ ದಾರಿ. ಸಾವಿನ ಮನೆಯ ಅಂಗಳಕ್ಕೆ ಬರುವ ಗಂಡಸರ ಹಾಗೆ ಎರಡೂ ಕೈ ಸೊಂಟಕ್ಕಿಟ್ಟು, "ಅಯ್ಯೋ ಕಾಸಿಮಣ್ಣಾ, ಬೆಟ್ಟದಂಥವನೇ, ಹೋಗಿಬಿಟ್ಟೆಯಾ" ಎಂದು ಗಟ್ಟಿಯಾಗಿ ಅಳತೊಡಗಿದ. ಉಳಿದ ಗಂಡಸರೂ ದನಿ ಸೇರಿಸಿದರು. ರಾಕಿಯಾ ಓಡಿಬಂದು ಬುರುಲ್‌ಳನ್ನು ತಬ್ಬಿಕೊಂಡಳು.

"ಸೋದರಮಾವ ಅಂದ್ರೆ ತಾಯಿ ಇದ್ದ ಹಾಗೆ, ತಂಗಿ. ಹೇಗೆ ತಡ್ಕೊಂಡ್ಯೋ."

ಬುರುಲ್ ಅವಳ ತೋಳು ಬಿಡಿಸಿಕೊಂಡು ಗಂಡನ ಕಡೆ ತಿರುಗಿದಳು. "ಮಾವ ಸತ್ತುಹೋದ್ನಾ? ಅದು ಗೊತ್ತಿದ್ದೂ ನನ್ನನ್ನ ಇಲ್ಲಿ ಜಾರಿ ಆಡೋಕೆ ಕರ್ಕೊಂಡು ಬಂದ್ಯಾ?"

"ಅದು ಹಾಗಲ್ಲ, ಬುರುಲ್..." ಎಂದು ಸಗಿನ್ ಶುರು ಮಾಡಿದ. ಅವಳು ಆಗಲೇ ಅಳುತ್ತ ಮಾವನ ಮನೆಗೆ ಫೋನ್ ಮಾಡಿದ್ದಳು. ಆಚೆಯಿಂದ ಬಂದ ಒರಟು ದನಿ ಹಜಾರಕ್ಕೆಲ್ಲ ಕೇಳಿತು.

"ಯಾಕಮ್ಮಾ ಅಳ್ತಿದ್ದೀಯ? ಯಾರು ಹೋದ್ರು?"

"ಮಾವಾ... ನೀನೇ."

"ನಾನಾ? ಯಾವ ಬಡ್ಡೀಮಗ ಹೇಳಿದ್ದು?"

ಎಲ್ಲರೂ ಸಗಿನ್ ಕಡೆ ತಿರುಗಿದರು. ಮೊದಲು ಚೇತರಿಸಿಕೊಂಡವನು ಒಸ್ಮೋನ್. "ಥೂ, ಬದುಕಿರೋರನ್ನ ಸಾಯಿಸೋನ ಜೊತೆ ಇಷ್ಟು ವರ್ಷ ಕೆಲಸ ಮಾಡಿದ್ವಲ್ಲ" ಎಂದು ಮತ್ತೆ ಮಾಂಸದ ತಟ್ಟೆಯ ಮುಂದೆ ಕೂತ.

ಬುರುಲ್ ಕಣ್ಣೊರೆಸಿಕೊಂಡು ಒಸ್ಮೋನ್ ಮುಂದೆ ಕೈ ಚಾಚಿದಳು. ಅವನು ತೆಪ್ಪಗೆ ರೂಮಿನ ಬೀಗದಕೈ ಕೊಟ್ಟ. ಸಗಿನ್ ಚೀಲ ಹೊತ್ತು ಹಿಂದೆ ಓಡಿದ. ಅವಳು ಹೊಸ್ತಿಲಲ್ಲಿ ತಿರುಗಿ ಅವನ ಕೈಯಿಂದ ಚೀಲ ಕಸಿದುಕೊಂಡಳು.

"ಎರಡು ದಿನ ಯಾರ ದನಿಯೂ ನನಗೆ ಕೇಳಿಸಬಾರದು. ನಿನ್ನದೂ."

ಒಳಗಿನಿಂದ ಚಿಲಕ ಬಿತ್ತು. ಹಜಾರದಲ್ಲಿ ರಾಕಿಯಾ ಸ್ವಲ್ಪ ಸರಿದು, ಪಕ್ಕದಲ್ಲಿ ಕೂರಲು ಹಾಸಿದ್ದ ಮೆತ್ತೆಯನ್ನು ತಟ್ಟಿದಳು.

"ಬಾ ಸಗಿನ್, ಒಲೆ ಹತ್ರ ಜಾಗ ಇದೆ. ಮತ್ತೆ, ಇನ್ನು ಯಾರ್‍ಯಾರು ಸತ್ತಿದ್ದಾರೆ ಹೇಳು."